‘ನಾನು ಅವನಿಗೆ ಏನೂ ಕೊಡಲಿಲ್ಲ ಮೇಡಂ’

ಉಡುಪಿಯಲ್ಲಿ ಬಾಣಂತಿಯರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ದಿನ ತುಂಬುವ ಮೊದಲೇ ಹೆತ್ತ ತಾಯಂದಿರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಚೊಚ್ಚಲ ಹೆರಿಗೆ, 34ನೇ ವಾರಕ್ಕೆ. ಮಗು ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ. ನೋಡಲು ಬಂದ ಯಾರೋ ‘ದಿನ ತುಂಬದ ಮಗುವಿಗೆ ತಾಯಿಯ ಶಕ್ತಿ ಬರುವುದಿಲ್ಲ’ ಅಂದುಬಿಟ್ಟಿದ್ದರು.

ಎರಡನೇ ದಿನ ನಾನು ಹೋದಾಗ ಆಕೆ ಒಳಲೆ ಹಿಡಿದು ಕೂತಿದ್ದಳು. ಒಳಗೆ ಅರ್ಧ ಚಮಚ ಹಾಲು. ಹಳದಿ, ಅಂಟಂಟು. “ಹೊಟ್ಟೆಯಲ್ಲಿದ್ದಾಗಲೂ ಕೊಡಲಿಲ್ಲ. ಈಗಲೂ ಇಷ್ಟೇ.”

‘ಏನೂ ಆಗಲ್ಲ’ ಅಂತ ಸುಮ್ನೆ ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. “ಕಡಿಮೆ ಹೋಗಿದೆ, ನಿಜ. ರೋಗ ತಡೆಯುವ ಪ್ರತಿಕಾಯಗಳು ಕಸದ (ಪ್ಲಾಸೆಂಟಾ) ಮೂಲಕ ಜಾಸ್ತಿ ಹೋಗುವುದು ಕೊನೆಯ ವಾರಗಳಲ್ಲಿ. ಆದರೆ ಏನೂ ಹೋಗಿಲ್ಲ ಅನ್ನುವುದು ಸುಳ್ಳು. ಅದು ಮೂರು–ನಾಲ್ಕು ತಿಂಗಳಿಂದಲೇ ಶುರುವಾಗುತ್ತದೆ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: “ಏಳನೇ ಕ್ಲಾಸಿನಲ್ಲಿ ನನಗೆ ಚಿಕನ್‌ಪಾಕ್ಸ್ ಆಗಿತ್ತು. ಅದರದ್ದೂ ಅವನಿಗೆ ಹೋಗಿರ್ತದಾ?”

“ಹೋಗಿರ್ತದೆ. ಬಸುರಿಯಲ್ಲಿ ಹಾಕಿಸಿಕೊಂಡ ಟಿಡಿ ಇಂಜೆಕ್ಷನ್ನಿನದ್ದೂ. ಅದು ಧನುರ್ವಾಯು ಬಾರದ ಹಾಗೆ ನೋಡಿಕೊಳ್ಳುತ್ತದೆ.”

ಆಗ ಅತ್ತಳು. ಒಳಲೆ ಮಾತ್ರ ಒಂಚೂರೂ ಅಲುಗಾಡದ ಹಾಗೆ ಹಿಡಿದುಕೊಂಡಿದ್ದಳು.

‘ಕಡಿಮೆ ಹೋಗಿದೆ’ ಅಂತ ಹೇಳಬಾರದಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಬೇಸರಪಟ್ಟರು. ನನಗೆ ಹಾಗನಿಸುವುದಿಲ್ಲ. ಎಲ್ಲ ಸರಿ ಇದೆ ಅಂದಿದ್ದರೆ ನನ್ನ ಮುಂದಿನ ಮಾತನ್ನು ಆ ಮನೆಯವರು ಯಾಕೆ ಕೇಳಬೇಕು?

ಮುಂದಿನ ಮಾತೇ ಮುಖ್ಯವಾಗಿತ್ತು. ಆ ಅರ್ಧ ಚಮಚ ಹಾಲು ಬೇರೆ ಥರದ ಕಾವಲು. ಅದರ ಪ್ರತಿಕಾಯಗಳು ಮಗುವಿನ ಬಾಯಿ, ಕರುಳಲ್ಲೇ ನಿಂತು ಕೆಲಸ ಮಾಡುತ್ತವೆ. ಒಂದು ಹನಿಯೂ ಚೆಲ್ಲಬೇಡಿ, ಎರಡು ಮೂರು ಗಂಟೆಗೊಮ್ಮೆ ಹಿಂಡಿ ತೆಗೆಯಿರಿ ಅಂದೆ. ಹೊಟ್ಟೆಯಲ್ಲಿ ಸಿಕ್ಕಿದ್ದು ಯಾವ ಮಗುವಿಗೂ ಶಾಶ್ವತವಲ್ಲ, ತಿಂಗಳುಗಳಲ್ಲಿ ಕರಗುತ್ತದೆ. ಬೇಗ ಹುಟ್ಟಿದ ಮಗುವಿಗೆ ಇನ್ನೂ ಬೇಗ. ಹಾಗಾಗಿ ಲಸಿಕೆ ತಡವಾಗಬಾರದು.

“ದಿನ ತುಂಬಿದ ಲೆಕ್ಕದಿಂದ ಹಾಕಿಸುವ, ಅಲ್ವಾ?” ಅಂದರು ಅತ್ತೆ. ಪ್ರೀತಿಯಿಂದಲೇ ಕೇಳಿದ್ದು. ಅಲ್ಲಮ್ಮ, ಹುಟ್ಟಿದ ದಿನದಿಂದಲೇ ಲೆಕ್ಕ. ಒಂದೂವರೆ ತಿಂಗಳ ಇಂಜೆಕ್ಷನ್ ಅಂದರೆ ಆರು ವಾರ, ಆಮೇಲೆ ಹತ್ತು, ಹದಿನಾಲ್ಕು. ಮಗು ನೋಡಲು ಬಂದವರು ಮೊದಲು ಕೈ ತೊಳೆಯಲಿ. ಕೆಮ್ಮು ಇದ್ದವರು ಎಷ್ಟೇ ಹತ್ತಿರದವರಾದರೂ ಹೊರಗೆ ಚಾವಡಿಯಲ್ಲೇ ಕೂರಲಿ.

ಅತ್ತೆ ಪರ್ಸಿನಿಂದ ಪೆನ್ನು ತೆಗೆದು ತಾಯಿ ಕಾರ್ಡಿನ ಹಿಂದೆ ಮೂರೂ ತಾರೀಕು ಬರೆದುಕೊಂಡರು.