ಅಪ್ಪನ ಬಿಪಿ, ಕಾಕನ ಹಾರ್ಟ್ ಅಟ್ಯಾಕ್: ಇದು ರಕ್ತದ ದೋಷವೇ?

ಪ್ರಶ್ನೆ: ನಾವು ದೇವದುರ್ಗ ತಾಲ್ಲೂಕಿನ ವಾಲ್ಮೀಕಿ ನಾಯಕರು. ನಮ್ಮಪ್ಪಗ 46 ವರ್ಷ. ವರ್ಷದಾಗ ಆರು ತಿಂಗಳು ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡ್ತಾನ. ಮೈಕೈ ನೋವಿಗೆ ದಿನಾ ಮೆಡಿಕಲ್ ಶಾಪಿನ ಗುಳಿಗಿ. ಈಗ ಕಾಲು ಬಾತಾವ, ಬಿಪಿ 168/104, ಕ್ರಿಯಾಟಿನಿನ್ 1.9 ಬಂದೈತಿ. ಕಾಕ 50 ತುಂಬೂಕಿಂತ ಮೊದಲ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ. ಇದು ನಮ್ಮ ಜನದ ರಕ್ತದಾಗ ಐತೇನು? ಬಿಪಿ ಗುಳಿಗಿ ಒಮ್ಮೆ ಹಿಡಿದ್ರ ಬಿಡಾಕ ಬರಂಗಿಲ್ಲ ಅಂತಾರ, ಖರೇನ?

ಉತ್ತರ: ಮೊದಲು ನೋವಿನ ಗುಳಿಗಿ ಇವತ್ತೇ ನಿಲ್ಲಲಿ. ಸ್ಟ್ರಿಪ್ ಹಿಂದೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್ ಎಂದಿದೆಯೇ ನೋಡಿ. ನೋವಿಗೆಂದು ಚುಚ್ಚುವ ಸೂಜಿಯಲ್ಲೂ ಹೆಚ್ಚಾಗಿ ಡೈಕ್ಲೋಫೆನಾಕೇ ಇರುತ್ತದೆ. ಇವು ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ, ಉಪ್ಪು ನೀರನ್ನು ಮೈಯಲ್ಲೇ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಬಿಸಿಲಲ್ಲಿ ಬೆವರು ಸುರಿಸಿದ ಮೈಗೆ ಏಟು ಇನ್ನೂ ಜೋರು. ನೋವು ತಡೆಯದಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಕೊಡಿ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ. ಈ ವಯಸ್ಸಿನ ಗಂಡಸಿಗೆ ಅದು 1.9 ಇದ್ದರೆ ಕಿಡ್ನಿ ಸೋಸುವುದು ನಿಮಿಷಕ್ಕೆ ಸುಮಾರು 43 ಮಿ.ಲೀ. ಮಾತ್ರ. ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ಉಳಿದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತೇವೆ. ಆದರೆ ಮೂರು ತಿಂಗಳು ಕಾಯಬೇಡಿ, ಈ ವಾರವೇ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಕರೆದೊಯ್ಯಿರಿ. ಬೆಳಗಿನ ಮೊದಲ ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಪ್ರೋಟೀನ್)–ಕ್ರಿಯಾಟಿನಿನ್ ಅನುಪಾತ, ರಕ್ತದಲ್ಲಿ ಸಕ್ಕರೆ ಮತ್ತು ಪೊಟ್ಯಾಸಿಯಂ, ಜೊತೆಗೆ ಇಸಿಜಿ ಮಾಡಿಸಿ. ಅನುಪಾತ 30 ದಾಟಿದರೆ ಕಿಡ್ನಿ ಸೋರುತ್ತಿದೆ ಎಂದರ್ಥ, ಹೃದಯಕ್ಕೂ ಅಪಾಯ ಹೆಚ್ಚಿದೆ ಎಂದರ್ಥ. ಎರಡರ ರಕ್ತನಾಳಗಳನ್ನೂ ಕೆಡಿಸುವುದು ಅದೇ ಬಿಪಿ, ಅದೇ ಸಕ್ಕರೆ, ಅದೇ ಬೀಡಿ.

ಇನ್ನು ರಕ್ತದ ಮಾತು. ಮನೆತನದ ಪಾಲು ಸ್ವಲ್ಪ ಇರಬಹುದು, ಆದರೆ ಜಾತಿಯ ರಕ್ತದಲ್ಲಿ ದೋಷವಿಲ್ಲ. ಒಂದೊಂದು ಕಿಡ್ನಿಯಲ್ಲಿ ಸರಾಸರಿ 10 ಲಕ್ಷ ನೆಫ್ರಾನ್ ಎಂಬ ಸೋಸುವ ಘಟಕಗಳಿರುತ್ತವೆ. ಅವು ತಯಾರಾಗುವುದು ಬಸಿರಿನ ಸುಮಾರು 36ನೇ ವಾರದವರೆಗೆ ಮಾತ್ರ, ಆಮೇಲೆ ಹೊಸದು ಒಂದೂ ಹುಟ್ಟುವುದಿಲ್ಲ. ಎಳೆ ವಯಸ್ಸಿಗೆ ಮದುವೆಯಾಗಿ, ರಕ್ತಹೀನತೆಯಲ್ಲೇ ಕೂಲಿಗೆ ಹೋದ ತಾಯಿಯ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕವಿದ್ದರೆ, ಅದರ ಕಿಡ್ನಿಗೆ ನೆಫ್ರಾನ್‌ಗಳೇ ಕಡಿಮೆ ಇರುವ ಸಂಭವ ಹೆಚ್ಚು. ಅಷ್ಟರಲ್ಲೇ ಪೂರಾ ಮೈಯ ಕೆಲಸ ಸಾಗಬೇಕು. ಆಸ್ಟ್ರೇಲಿಯಾದ ಆದಿವಾಸಿಗಳಲ್ಲೂ ಇದೇ ಸರಪಳಿ ಕಂಡಿದೆ. ಅಲ್ಲಿ ಅವರಿಗೆ 18ನೇ ವಯಸ್ಸಿಗೇ ಸಕ್ಕರೆ, ಕಿಡ್ನಿ, ಹೃದಯದ ತಪಾಸಣೆ ಮಾಡಬೇಕೆನ್ನುತ್ತಾರೆ. ನಮ್ಮಲ್ಲಿ ಸರ್ಕಾರಿ ತಪಾಸಣೆ ಶುರುವಾಗುವುದು 30ಕ್ಕೆ. ನಿಮ್ಮ ಮನೆಯವರು ಅಲ್ಲಿಯವರೆಗೆ ಕಾಯಬಾರದು: ನೀವು, ಅಣ್ಣತಮ್ಮ, ಅಕ್ಕತಂಗಿ ಈಗಲೇ ಬಿಪಿ, ಮೂತ್ರ ಪರೀಕ್ಷೆ ಮಾಡಿಸಿ.

ಬಿಪಿ ಗುಳಿಗಿ ಚಟವಲ್ಲ. ಬಿಟ್ಟರೆ ಬಿಪಿ ಮತ್ತೆ ಏರುತ್ತದೆ, ಅಷ್ಟೇ. ನಮ್ಮ ಭಾಗದಲ್ಲಿ ಚಿಕಿತ್ಸೆ ನಡುವೆ ನಿಂತುಹೋಗುವುದು ಗುಳೆ ಹೊತ್ತಿಗೇ. ಹೊರಡುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಚ್ಚು ದಿನದ ಗುಳಿಗಿ ಕೇಳಿ ಪಡೆಯಿರಿ, ಚೀಟಿಯ ಫೋಟೊ ಮೊಬೈಲ್‌ನಲ್ಲಿರಲಿ. ಬೆಂಗಳೂರಿನಲ್ಲಿ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲೂ ಬಿಪಿ ಗುಳಿಗಿ ಪುಕ್ಕಟೆ. ಬಿಪಿಗೆ ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಬರೆದರೆ ಎರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಲೇಬೇಕು. ವಾಂತಿಭೇದಿಯಾದ ದಿನ ಅದನ್ನು ನುಂಗುವ ಮೊದಲು ವೈದ್ಯರನ್ನು ಕೇಳಲಿ. ಅಮ್ಲೋಡಿಪಿನ್ ಎಂಬ ಬಿಪಿ ಗುಳಿಗಿಯಿಂದಲೂ ಪಾದ ಬಾಯಬಹುದು. ತಾವಾಗಿ ಬಿಡದೆ ಹೇಳಿ ಬದಲಿಸಿಕೊಳ್ಳಲಿ.

ಉಪ್ಪು ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಶೇಂಗಾ ಚಟ್ನಿ, ಮಿರ್ಚಿಯದ್ದೂ ಸೇರಿ. ಅಂಗಡಿಯ ಲೋ ಸೋಡಿಯಂ ಉಪ್ಪು ನಿಮ್ಮಪ್ಪನಿಗೆ ಬೇಡವೇ ಬೇಡ, ಅದರಲ್ಲಿರುವ ಪೊಟ್ಯಾಸಿಯಂ ಹೃದಯದ ಬಡಿತ ಕೆಡಿಸೀತು.

ಎದೆ ಹಿಂಡಿದಂತಾಗಿ ಬೆವರಿದರೆ ಗ್ಯಾಸ್ ಎಂದು ಸೋಡಾ ಕುಡಿಸಿ ಕೂಡಬೇಡಿ, 108ಕ್ಕೆ ಫೋನ್ ಮಾಡಿ. ಸರ್ಕಾರದ ಹೃದಯ ಜ್ಯೋತಿ ಯೋಜನೆಯಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಪ್ರಶ್ನೆ: ಕುಷ್ಟಗಿ ಕಡೆ ನಮ್ಮೂರ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಕಿಡ್ನಿ ರೋಗಿಗೆ ಕಾಯಿಸಿ ಕೊಡಬಹುದೇ?

ಉತ್ತರ: ಬೇಡ. ಕಾಯಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದೆ ಮೂಳೆಯಲ್ಲಿ ಸೇರಿಸುತ್ತದೆ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ಕುಡಿಯಲು, ಅಡುಗೆಗೆ ಬಳಸದೆ ಊರಿನ ಶುದ್ಧ ನೀರಿನ ಘಟಕದಿಂದ ತನ್ನಿ. ಘಟಕ ಕೆಟ್ಟಿದ್ದರೆ ಗ್ರಾಮ ಪಂಚಾಯ್ತಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.