ಸದಾಪುಷ್ಪದ ಎಲೆ ರಸದಿಂದ ಬಾಯಿ ಕ್ಯಾನ್ಸರ್ ಗುಣವಾಗುತ್ತಾ?

ನೀವು ಕೇಳಿದ್ದು ಇಷ್ಟು: ಅಪ್ಪನಿಗೆ ಬಾಯಿ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದಿದೆ. ಹುಬ್ಬಳ್ಳಿಯಲ್ಲಿ ಡಾಕ್ಟರು ಬೇಗ ಆಪರೇಶನ್ ಆಗಬೇಕು ಅಂದಿದ್ದಾರೆ. ಮನೆಯವರು ಮಾತ್ರ ಒಂದೆರಡು ತಿಂಗಳು ಗಿಡಮೂಲಿಕೆ ನೋಡೋಣ ಅಂತಿದ್ದಾರೆ. ಸದಾಪುಷ್ಪದಿಂದಲೇ ಕ್ಯಾನ್ಸರ್ ಔಷಧಿ ಮಾಡ್ತಾರಂತೆ, ಅದರ ಎಲೆ ರಸ ಕುಡಿಸಬಹುದಾ?

ಕುಡಿಸಬೇಡಿ. ಆಪರೇಶನ್ ಮುಂದೂಡಲೂ ಬೇಡಿ.

ನಾನು ಡಾಕ್ಟರ್ ಅಲ್ಲ. ಗದಗಿನಲ್ಲಿ ಕಾಲೇಜಿನ ಹುಡುಗರಿಗೆ ಸಸ್ಯಶಾಸ್ತ್ರ ಪಾಠ ಹೇಳಿಕೊಂಡು ಬಂದವಳು. ಕಪ್ಪತಗುಡ್ಡಕ್ಕೆ ಅವರನ್ನು ಕರೆದುಕೊಂಡು ಹೋಗಿ ಒಂದೊಂದು ಗಿಡ ಮುಟ್ಟಿಸಿ ತೋರಿಸುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಗಿಡಮೂಲಿಕೆ ಅಂದರೆ ಮೂಗು ಮುರಿಯುವವಳಲ್ಲ. ಗಿಡಕ್ಕೆ ಎಷ್ಟು ಶಕ್ತಿ ಇದೆ ಅಂತ ಗೊತ್ತಿರುವುದರಿಂದಲೇ ಬೇಡ ಅಂತಿದ್ದೇನೆ.

ನಿಮ್ಮ ಮನೆಯವರು ಕೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಅಂಗಳದಲ್ಲಿ, ಗುಡಿ ಮುಂದೆ, ಕಸದ ಗುಂಡಿ ಪಕ್ಕದಲ್ಲೂ ಬೆಳೆಯುವ ಆ ತಿಳಿ ಗುಲಾಬಿ ಹೂವಿನ ಗಿಡದಿಂದ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಅಂತ ಎರಡು ಔಷಧಿ ಬಂದಿವೆ. ಬಂದ ಕತೆ ಸ್ವಲ್ಪ ಕೇಳಿ, ಯಾಕಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಈ ಎಲೆಯ ಚಹಾ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಆ ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಅವರ ಲ್ಯಾಬಿಗೆ ಹೋದವು. ಇಲಿಗಳಿಗೆ ಬಾಯಿಯಿಂದ ಕೊಟ್ಟು ನೋಡಿದರೆ ಸಕ್ಕರೆ ಇಳಿಯಲಿಲ್ಲ. ಅದೇ ಸಾರವನ್ನು ಇಂಜೆಕ್ಷನ್ ಮಾಡಿದಾಗ ಇಲಿಗಳು ಕೆಲವೇ ದಿನಗಳಲ್ಲಿ ಸೋಂಕು ತಗುಲಿ ಸತ್ತವು. ನೋಡಿದರೆ ರಕ್ತದ ಬಿಳಿಕಣಗಳು ಕುಸಿದಿದ್ದವು, ಮೂಳೆಯ ಮಜ್ಜೆ ಹಾಳಾಗಿತ್ತು. ಬಿಳಿಕಣಗಳು ಲೆಕ್ಕವಿಲ್ಲದೆ ಹೆಚ್ಚುವ ಬ್ಲಡ್ ಕ್ಯಾನ್ಸರಿಗೆ ಇದು ಬರಬಹುದಲ್ವಾ ಅಂತ ಹೊಳೆದದ್ದು ಹಾಗೆ. ಅದೇ ಲ್ಯಾಬಿನ ಚಾರ್ಲ್ಸ್ ಬಿಯರ್ ಆ ಸಾರದಿಂದ ವಿನ್‌ಬ್ಲಾಸ್ಟಿನ್ ಶುದ್ಧ ಮಾಡಿ ತೆಗೆದರು. 1963ರ ಹೊತ್ತಿಗೆ ಅದೇ ಗಿಡದ ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು.

ಅಂದರೆ ಇಲಿಯನ್ನು ಕೊಂದ ಗುಣವೇ ಕಾಯಿಲೆಗೆ ಮದ್ದಾಯಿತು. ಒಂದು ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ದಾರಗಳ ಹಾಗೆ ಏನೋ ಕಟ್ಟಿಕೊಳ್ಳಬೇಕು. ಈ ಔಷಧಿ ಆ ದಾರ ಕಟ್ಟಿಕೊಳ್ಳಲು ಬಿಡುವುದಿಲ್ಲ. ಕ್ಯಾನ್ಸರ್ ಕೋಶಕ್ಕೂ ಬಿಡುವುದಿಲ್ಲ, ನಮ್ಮ ಒಳ್ಳೆಯ ಕೋಶಕ್ಕೂ ಬಿಡುವುದಿಲ್ಲ. ಹಾಗಾಗಿ ಎಲ್ಲವೂ ಅಳತೆಯ ಮೇಲೆ ನಿಂತಿದೆ.

ಆ ಅಳತೆ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಹಳೆಯ ಶಿಷ್ಯನೊಬ್ಬನ ಮಗನಿಗೆ ಬ್ಲಡ್ ಕ್ಯಾನ್ಸರ್ ಆಗಿತ್ತು. ಆಸ್ಪತ್ರೆಗೆ ಮಾತಾಡಿಸಲು ಹೋದಾಗ ನರ್ಸ್ ಕೈಯಲ್ಲಿದ್ದ ಬಾಟಲಿ ತೋರಿಸಿದರು. ಬೆರಳಿನಷ್ಟು ಬಾಟಲಿ, ತಳದಲ್ಲಿ ನೀರಿನಂಥ ಔಷಧಿ. ಮೇಲೆ ವಿನ್‌ಕ್ರಿಸ್ಟಿನ್ ಅಂತ ಹೆಸರು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಚೂರು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಡುತ್ತದೆ. ಜಾಸ್ತಿಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ಪಾದ ಎತ್ತಲು ಬರುವುದಿಲ್ಲ, ಕರುಳು ಕೆಲಸ ನಿಲ್ಲಿಸುತ್ತದೆ. ತಪ್ಪಿ ಬೆನ್ನುಹುರಿಯ ನೀರಿಗೆ ಹೋದರೆ ಜೀವವೇ ಹೋಗುತ್ತದೆ. ಆ ಹುಡುಗ ಈಗ ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಾನೆ. ಅವನನ್ನು ನೋಡಿದಾಗಲೆಲ್ಲ ಆ ಗಿಡದ ಬಗ್ಗೆ ನನಗೆ ಅಭಿಮಾನ ಉಕ್ಕುತ್ತದೆ.

ಈಗ ನಿಮ್ಮ ಅಂಗಳದ ಎಲೆಗೆ ಬನ್ನಿ. ಅದರಲ್ಲಿ ನೂರಕ್ಕಿಂತ ಹೆಚ್ಚು ಬಗೆಯ ಗಿಡದ ರಾಸಾಯನಿಕಗಳು, ಅಂದರೆ ಆಲ್ಕಲಾಯ್ಡ್‌ಗಳಿವೆ. ವಿನ್‌ಕ್ರಿಸ್ಟಿನ್ ಎಷ್ಟು ಕಡಿಮೆ ಅಂದರೆ, ಒಂದು ಗ್ರಾಂ ತೆಗೆಯಲು ಒಣಗಿದ ಎಲೆ ಕ್ವಿಂಟಲ್‌ಗಟ್ಟಲೆ ಬೇಕು. ಒಂದು ಲೋಟ ರಸದಲ್ಲಿ ಬೇಕಾದಷ್ಟು ಔಷಧಿ ಇರುವುದೇ ಇಲ್ಲ. ಬೇಡದ ಉಳಿದದ್ದೆಲ್ಲ ಇರುತ್ತದೆ. ವಾಂತಿ ಆಗಬಹುದು, ಅಪ್ಪ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಶುಗರ್ ಏರುಪೇರಾಗಬಹುದು.

ಇನ್ನೊಂದು ಮಾತನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಬಾಯಿ ಕ್ಯಾನ್ಸರಿಗೆ ವಿನ್‌ಕ್ರಿಸ್ಟಿನ್ ಮುಖ್ಯ ಔಷಧಿಯೇ ಅಲ್ಲ. ಅದು ಹೆಚ್ಚಾಗಿ ರಕ್ತದ, ದುಗ್ಧರಸ ಗ್ರಂಥಿಯ (ಲಿಂಫೋಮಾ) ಕ್ಯಾನ್ಸರಿಗೆ. ಬಾಯಿಗೆ ಮೊದಲು ಆಪರೇಶನ್, ಆಮೇಲೆ ಬೇಕಾದರೆ ರೇಡಿಯೇಶನ್, ಅದರ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ. ಅದು ಗಿಡದ್ದಲ್ಲ, ಪ್ಲಾಟಿನಂ ಲೋಹದಿಂದ ಮಾಡಿದ್ದು. ಗಿಡದ್ದೇ ಬೇಕು ಅಂದರೆ ಅದೂ ಆಸ್ಪತ್ರೆಯಲ್ಲೇ ಇದೆ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವುದು ಯೂ ಅನ್ನುವ ಮರದ ತೊಗಟೆಯಿಂದ ಬಂದದ್ದು. ಅದನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಮನ್ಸುಖ್ ವಾನಿ ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರಬಾರದವರು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೋಥೆಸಿನ್ ಇದೆ, ಅದರಿಂದಲೂ ಕೀಮೋ ಔಷಧಿ ಮಾಡುತ್ತಾರೆ.

ಮಲೆನಾಡಿನ ಕಡೆ ಹೋಗಿ ನಾಟಿ ವೈದ್ಯರಿಂದ ಮರದ ಚಕ್ಕೆಯ ಪುಡಿ ತರುವ ಮಾತೂ ನಿಮ್ಮ ಮನೆಯಲ್ಲಿ ಬಂದೇ ಬರುತ್ತದೆ. ನಮ್ಮ ಸಂಬಂಧಿಕರೊಬ್ಬರು, ಹಾವೇರಿ ಕಡೆಯವರು, ಹಾಗೆ ಪುಡಿ ತಿನ್ನುತ್ತಾ ಕೂತರು. ಮೊದಲು ಒಳಗೆನ್ನೆಯಲ್ಲಿ ಕಡಲೆಕಾಳಿನಷ್ಟು ಹುಣ್ಣಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಬಾಯಿ ಎಷ್ಟು ಬಿಗಿದಿತ್ತೆಂದರೆ ಚಮಚ ಒಳಗೆ ಹೋಗುತ್ತಿರಲಿಲ್ಲ. ಕುತ್ತಿಗೆಯಲ್ಲಿ ಗಂಟು ಬಂದಿತ್ತು. ಅಷ್ಟರಲ್ಲಿ ಆಪರೇಶನ್ನಿನ ಕಾಲ ಮೀರಿತ್ತು. ಅವರ ಹೆಂಡತಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ಸೋಸಿ ಕುಡಿಸುತ್ತಿದ್ದದ್ದು ನನಗೆ ಮರೆಯಲು ಆಗಿಲ್ಲ. ಅಮೆರಿಕದಲ್ಲಿ 2018ರಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ಹೇಳುತ್ತದೆ: ಗುಣವಾಗಬಲ್ಲ ಕ್ಯಾನ್ಸರಿಗೆ ಆಸ್ಪತ್ರೆ ಬಿಟ್ಟು ಬರೀ ಬದಲಿ ಚಿಕಿತ್ಸೆ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು.

"ಗಿಡದ್ದಲ್ವಾ, ಏನೂ ಆಗಲ್ಲ" ಅನ್ನುವವರಿಗೆ ಈಶ್ವರಿ ಬಳ್ಳಿಯ ಹೆಸರು ಹೇಳಿ. ಹಾವು ಕಡಿದರೆ ಅಂತ ಹಳ್ಳಿಗಳಲ್ಲಿ ಅದರ ಬೇರು ಇಟ್ಟುಕೊಳ್ಳುತ್ತಾರೆ. ಅದರಲ್ಲಿರುವ ಅರಿಸ್ಟೋಲೋಕಿಕ್ ಆಮ್ಲ ಕಿಡ್ನಿ ಕೆಡಿಸುತ್ತದೆ, ಮೂತ್ರನಾಳಕ್ಕೆ ಕ್ಯಾನ್ಸರನ್ನೇ ತರುತ್ತದೆ. ಸಿಸ್‌ಪ್ಲಾಟಿನ್ ಕೂಡ ಕಿಡ್ನಿಗೆ ಭಾರ. ಎರಡೂ ಕೂಡಿದರೆ ಏನಾಗಬಹುದು ಯೋಚಿಸಿ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಊತ ಬಂದವರ ವರದಿಗಳು ಮುಂಬೈಯಿಂದಲೇ ಬಂದಿವೆ. ಅಡುಗೆಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ. ಅರಿಶಿನದ ಕ್ಯಾಪ್ಸೂಲ್ ಮಾತ್ರ ಕೇಳದೆ ಬೇಡ.

ಖರ್ಚಿನ ಚಿಂತೆ ಇದ್ದರೆ ಬಿಪಿಎಲ್ ಕಾರ್ಡ್, ಆಧಾರ್ ತಗೊಂಡು ಹೋಗಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಬೇಕಾದರೆ ಖಂಡಿತ ಕೇಳಿ, ಹುಬ್ಬಳ್ಳಿಯ ನವನಗರದಲ್ಲೇ ಕ್ಯಾನ್ಸರ್ ಆಸ್ಪತ್ರೆ ಇದೆ. ಆದರೆ ಅದು ಈ ವಾರದಲ್ಲೇ ಆಗಲಿ. ಗುಟ್ಕಾ, ತಂಬಾಕು ಇದ್ದರೆ ಇವತ್ತೇ ಬಿಡಿಸಿ. ರೇಡಿಯೇಶನ್ ಇದೆ ಅಂದರೆ ಅದಕ್ಕೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೆಟ್ಟ ಹಲ್ಲು ಮೊದಲೇ ತೆಗೆಸಬೇಕಾಗುತ್ತದೆ.

ಅಪ್ಪ ಆಗಲೇ ಯಾವುದಾದರೂ ಪುಡಿ, ಕಷಾಯ ಶುರು ಮಾಡಿದ್ದರೆ ಬೈಯಬೇಡಿ, ಮುಚ್ಚಿಡಲೂ ಬೇಡಿ. ಪೊಟ್ಟಣವನ್ನೇ ತಗೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡಿ. ಅರಿವಳಿಕೆ ಕೊಡುವವರಿಗೂ ಅದು ಗೊತ್ತಿರಬೇಕು.