ಅಪ್ಪ-ಅಮ್ಮನ ಜೊತೆ ಕೋಲ್ ಕ್ರೀಕ್‌ಗೆ: ಮೊದಲು ಇಳಿತ, ಆಮೇಲೆ ಏರು

ಅಕ್ಕ, ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ, ನಾಲ್ಕು ವರ್ಷದ ಮಗುವೂ ಇದೆ, ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂ ಹತ್ತಿರವೇ ಸುಲಭವಾದ ಕಾಡುದಾರಿ ಹೇಳಿ ಅಂದಿದ್ದೀರಿ. ಕೋಲ್ ಕ್ರೀಕ್ ಅನ್ನುವ ಹಳ್ಳದ ಪಕ್ಕದ ಕಾಡುದಾರಿಗೆ ಹೋಗಿ. ಆದರೆ ಪೂರ್ತಿ ನಡೆಸಬೇಡಿ.

ಲೇಕ್‌ಮಾಂಟ್ ಬುಲೆವಾರ್ಡ್‌ನಲ್ಲಿ ರೆಡ್ ಟೌನ್ ಪಾರ್ಕಿಂಗ್ ಇದೆ, ಅಲ್ಲಿ ಕಾರು ನಿಲ್ಲಿಸಿ. ವೀಕೆಂಡ್‌ನಲ್ಲಿ ಬೇಗ ತುಂಬುತ್ತದೆ, ಬೆಳಗ್ಗೆಯೇ ಹೊರಡಿ. ರಸ್ತೆಯ ಆಚೆ ಬದಿ ಕೋಲ್ ಕ್ರೀಕ್ ದಾರಿ ಶುರು. ಕಾರುಗಳು ಜೋರಾಗಿ ಬರುತ್ತವೆ, ದಾಟುವಾಗ ಮಗುವಿನ ಕೈ ಬಿಡಬೇಡಿ.

ಮುಖ್ಯವಾದ ವಿಷಯ ಇದು. ನಮ್ಮ ಬೆಟ್ಟಗಳಲ್ಲಿ ಮೊದಲು ಹತ್ತುತ್ತೇವೆ, ಸುಸ್ತಾದಾಗ ಇಳಿಯುತ್ತೇವೆ, ಅಲ್ವಾ? ಇಲ್ಲಿ ಉಲ್ಟಾ. ಕೆಳಗಿನ ಕೋಲ್ ಕ್ರೀಕ್ ಪಾರ್ಕ್‌ವೇ ಅನ್ನುವ ರಸ್ತೆ ತನಕ ಸುಮಾರು 3 ಮೈಲಿ, ಹೋಗುವಾಗ ಇಳಿಜಾರು, ವಾಪಸ್ ಬರುವಾಗ ಏರು. ನನ್ನ ಅಮ್ಮ ಖುಷಿಯಿಂದ ಇಳಿದುಬಿಟ್ಟರು. ಬರುವಾಗ ಮಂಡಿ ನೋವಿನಿಂದ ಮೂರು ಕಡೆ ಕೂತರು. ನೀವು ನಾರ್ತ್ ಕ್ರೀಕ್ ಜಲಪಾತ ನೋಡಿ ತಿರುಗಿಬಿಡಿ. ಎರಡು ಕಾರು ಇದ್ದರೆ ಒಂದನ್ನು ಕೆಳಗೆ ಬಿಟ್ಟು ಪೂರ್ತಿ ಇಳಿಯಬಹುದು.

ಜಲಪಾತ ಚಿಕ್ಕದು, ಮಳೆಗಾಲದಲ್ಲಿ ಚೆಂದ. ಬಂಡೆ ಕಿತ್ತಳೆ ಬಣ್ಣಕ್ಕೆ ತಿರುಗಿರುವುದನ್ನು ಅಪ್ಪನಿಗೆ ತೋರಿಸಿ, ಅದು ಕಬ್ಬಿಣದ ತುಕ್ಕು. ಇಷ್ಟು ಹಸಿರಾಗಿರುವ ಈ ಜಾಗದಲ್ಲಿ 1863ರಿಂದ 1963ರವರೆಗೆ, ನೂರು ವರ್ಷ ಕಲ್ಲಿದ್ದಲು ತೆಗೆದಿದ್ದಾರೆ! 1878ರಲ್ಲಿ ಸಿಯಾಟಲ್‌ನಿಂದ ಇಲ್ಲಿಗೆ ರೈಲು ಬಂತು. ಇಲ್ಲಿನ ಕಲ್ಲಿದ್ದಲು ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತನಕ ಹೋಗುತ್ತಿತ್ತು. ಕಾರ್ಮಿಕರ ಮನೆಗಳಿಗೆ ಕಂಪನಿ ಕೆಂಪು ಬಣ್ಣ ಬಳಿಸಿತ್ತು, ಅದಕ್ಕೇ ರೆಡ್ ಟೌನ್ ಅನ್ನುವ ಹೆಸರು. ಆ ಮನೆಗಳು ಈಗ ಇಲ್ಲ, ಅಲ್ಲೆಲ್ಲ ಮೇಪಲ್ ಮರ, ಜರಿಗಿಡ. ಗಣಿಯಿಂದ ತೆಗೆದು ಸುರಿದಿದ್ದ ಕಸದ ಗುಡ್ಡೆ ತಾನೇ ಹೊತ್ತಿಕೊಂಡು ಉರಿದು ಕಿಟ್ಟವಾಯಿತು. ಆಮೇಲೆ ಅದನ್ನೂ ಅಗೆದು ಮಾರಿದರು. ಆ ಜಾಗಕ್ಕೆ ಸಿಂಡರ್ ಮೈನ್, ಅಂದರೆ ಕಿಟ್ಟದ ಗಣಿ, ಅನ್ನುವ ಹೆಸರು ಬಂದಿದ್ದು ಹಾಗೆ. ದಾರಿಯ ಪಕ್ಕದಲ್ಲೇ ರೈಲು ಇಂಜಿನ್ ತಿರುಗಿಸುತ್ತಿದ್ದ ಕಟ್ಟೆಯ ಗುರುತೂ ಇದೆ, ಮಗುವಿಗೆ ಇಷ್ಟವಾಗಬಹುದು.

ಇನ್ನೂ ಶಕ್ತಿ ಉಳಿದಿದ್ದರೆ ಪಾರ್ಕಿಂಗ್ ಕಡೆಗೇ ವಾಪಸ್ ಬಂದು ಫೋರ್ಡ್ ಸ್ಲೋಪ್ ನೋಡಿ. 1905ರ ಗಣಿ, ಬಾಯಿ ಮುಚ್ಚಿದ್ದಾರೆ, ವಿವರದ ಬೋರ್ಡ್ ಇದೆ. ಇಷ್ಟು ಎತ್ತರದಲ್ಲಿ ಶುರುವಾದ ಸುರಂಗ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋಗಿತ್ತು. ಆ ಕತ್ತಲೆಯಲ್ಲಿ ಜನ ದಿನಾ ಇಳಿಯುತ್ತಿದ್ದರು ಅಂತ ನೆನೆದರೆ ಈಗಲೂ ನನಗೆ ಮೈ ಜುಂ ಅನ್ನುತ್ತದೆ.

ದಾರಿ ಬಿಟ್ಟು ಒಂದು ಹೆಜ್ಜೆಯೂ ಹೋಗಬೇಡಿ, ಫೋಟೋಗಾಗಿ ಕೂಡ. ಕೆಳಗೆ ಹಳೆಯ ಸುರಂಗ ಕುಸಿದು ನೆಲದಲ್ಲಿ ಗುಂಡಿ ಬಿದ್ದಿರುವ ಜಾಗಗಳಿವೆ, ಜರಿಗಿಡದ ಕೆಳಗೆ ಕಾಣಿಸುವುದಿಲ್ಲ. ಅಂಚಿನಲ್ಲಿ ತುರಿಕೆ ಗಿಡವೂ ಇದೆ, ಮಗುವಿಗೆ ಉದ್ದ ಪ್ಯಾಂಟ್ ಹಾಕಿ. ಮಳೆ ಬಂದ ಮೇಲೆ ಕೆಸರು ಜಾಸ್ತಿ, ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಕೊಡಿಸಿ. ದಾರಿಯಲ್ಲಿ ಕುಡಿಯುವ ನೀರು ಸಿಗುವುದಿಲ್ಲ, ಮನೆಯಿಂದಲೇ ತೆಗೆದುಕೊಂಡು ಹೋಗಿ.